ಲಾಭವಿಲ್ಲದ ಆಸ್ಪತ್ರೆಗೆ ನಾನಿಟ್ಟ ದಕ್ಷಿಣೆ

ಮೊಮ್ಮಗಳು ಹುಟ್ಟಿದ್ದಾಳೆ! ಮೊದಲು ಈ ಮಾತು ಹೇಳಿಬಿಡುತ್ತೇನೆ, ಆಮೇಲೆ ನನ್ನ ಮಾನ ಹೋದ ಕಥೆ. ನಮ್ಮ ಒಬ್ಬಳೇ ಮಗಳು ಅನ್ನಪೂರ್ಣ ಮೊನ್ನೆ ಸೋಮವಾರ ಮಧ್ಯಾಹ್ನ ಹೆತ್ತಳು. ತಾಯಿ, ಕೂಸು ಇಬ್ಬರೂ ಗಟ್ಟಿಯಾಗಿದ್ದಾರೆ. ಕೂಸಿನ ಮೂಗು ಥೇಟ್ ನನ್ನದೇ. ಹಾಗೆಂದು ನಾನು ಹೇಳಿದ ಕೂಡಲೇ ನನ್ನ ಹೆಂಡತಿ ಗಂಗಮ್ಮ, "ದೊಡ್ಡಾಕಿ ಆದಮ್ಯಾಲ ಸರಿಹೋಗ್ತೈತಿ ಬಿಡ್ರಿ" ಎಂದಳು. ಇರಲಿ. ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಕೊಟ್ಟಿದ್ದೇನೆ. ದಾರಿ ಕೇಳಲು ನಿಂತ ಲಾರಿ ಡ್ರೈವರನ ಬಾಯಿಗೂ ಸಕ್ಕರೆ ಹಾಕಿದ್ದೇನೆ. ಪಾಪ, ಅವನು ದಾರಿ ಕೇಳುವುದನ್ನೇ ಮರೆತು ಹೋದ!

ಈಗ ಕಥೆಗೆ ಬರುತ್ತೇನೆ.

ಹರಪನಹಳ್ಳಿಯಿಂದ ತೆಲಿಗಿ ಕಡೆಗೆ ಬಸ್ಸು ಹೋಗುವ ದಾರಿಯಲ್ಲಿ ನಮ್ಮೂರು. ನಾನು ಕೊಟ್ರಬಸಪ್ಪ, ಒಣಮೆಣಸಿನಕಾಯಿ ವ್ಯಾಪಾರಿ. ಓದಿದ್ದು ನಾಲ್ಕನೇ ಕ್ಲಾಸು. ಮುಂದಿನದನ್ನೆಲ್ಲ ಸಂತೆ ಕಲಿಸಿತು. ಹರಪನಹಳ್ಳಿ, ಕೊಟ್ಟೂರು, ಹಿರೇಹಡಗಲಿ ಎಂದು ಬಸ್ಸಿನ ಮೇಲೆ ಚೀಲ ಹೇರಿಕೊಂಡು ಸುತ್ತಿ ಕಲಿತ ವಿದ್ಯೆಯಲ್ಲಿ ಮುಖ್ಯವಾದದ್ದು ಒಂದೇ. ಕೇಳದೆ ಕೊಸರು ಹಾಕುವವನ ತಕ್ಕಡಿಯ ತಳವನ್ನು ಮೊದಲು ನೋಡಬೇಕು. ಲಾಭವಿಲ್ಲದೆ ಈ ಭೂಮಿಯ ಮೇಲೆ ಯಾರೂ ಅಂಗಡಿ ತೆಗೆಯುವುದಿಲ್ಲ. ತೆಗೆದಿದ್ದಾರೆ ಎಂದರೆ ಲಾಭ ಎಲ್ಲೋ ಅಡಗಿ ಕೂತಿದೆ ಎಂದೇ ಅರ್ಥ.

ಇಂಥ ನನ್ನ ಎದುರಿಗೆ ಹೋದ ವರ್ಷ ಒಬ್ಬ ಡಾಕ್ಟರಮ್ಮ ಬಂದು ಲಾಭವಿಲ್ಲದ ಆಸ್ಪತ್ರೆ ತೆಗೆಯುತ್ತೇನೆ ಎಂದಳು!

ಮೈಸೂರು ಕಡೆಯ ಹುಡುಗಿ. ಜೊತೆಗೊಬ್ಬ ನರ್ಸಮ್ಮ. ಊರ ಹೊರಗಿನ ಹಳೆಯ ಹತ್ತಿ ಗೋದಾಮಿಗೆ ಸುಣ್ಣ ಹೊಡೆಸಿ ಮಂಚ ಹಾಕಿಸಿದಳು. ಸುಗ್ಗಿಯ ಹೊತ್ತಿಗೆ ಚಾವಡಿ ಮುಂದೆ ದೈವದವರನ್ನೆಲ್ಲ, ಎಂದರೆ ಊರಿನ ಜನರನ್ನೆಲ್ಲ, ಕೂಡಿಸಿ ತನ್ನ ಯೋಜನೆ ಹೇಳಿದಳು. ಪ್ರತಿ ಮನೆಯವರೂ ಕಣದಲ್ಲಿ ರಾಶಿ ಆದಾಗ ಬೆಳೆಗೆ ತಕ್ಕಷ್ಟು ಜೋಳ ಕೊಡಬೇಕು. ಹೊಲ ಇಲ್ಲದವರು ಆದಷ್ಟು ಕೊಟ್ಟರೆ ಸಾಕು. ಎಲ್ಲವೂ ಊರ ಹಗೇವಿಗೆ, ನೆಲದೊಳಗಿನ ಕಾಳಿನ ಕಣಜಕ್ಕೆ, ಬೀಳುತ್ತದೆ. ಅದನ್ನು ಬೇಕಾದಾಗ ತೆಗೆದು ಮಾರಿ ಔಷಧಿ ತರುವುದು, ಸಂಬಳ ಕೊಡುವುದು. ವರ್ಷವಿಡೀ ಊರಿನ ಯಾರಿಗೆ ಏನೇ ಬಂದರೂ ಮತ್ತೆ ಒಂದು ಪೈಸೆ ಕೇಳುವಂತಿಲ್ಲ. ಉಳಿದರೆ ಮುಂದಿನ ವರ್ಷಕ್ಕೆ. ಯಾರಿಗೂ ಲಾಭವಿಲ್ಲ. ಆದರೆ ಊರಿಗೆ ಊರೇ ಸೇರಬೇಕು. ಬರೀ ರೋಗಿಷ್ಟರು ಸೇರಿದರೆ ಯುಗಾದಿಯೊಳಗೆ ಹಗೇವು ಖಾಲಿ.

ಜನ ಗುಜುಗುಜು ಎಂದರು. ಹೆಸರು ಬರೆಸಿಕೊಂಡು ಆಮೇಲೆ ಎಲ್ಲರಿಗೂ ಮಕ್ಕಳಾಗದ ಆಪರೇಷನ್ ಮಾಡಿಬಿಡುತ್ತಾರೆ ಎಂದು ಹಿಂದಿನಿಂದ ಒಬ್ಬ ಅಂದ. ಹೋದ ವರ್ಷ ಸರ್ಕಾರದವರ ಕಾಟ ಹಾಗಿತ್ತು, ಜೀಪು ಕಂಡರೆ ಗಂಡಸರು ಹೊಲ ಹಾರುತ್ತಿದ್ದರು. ಹೊಲ ಇದ್ದವರು, ನಮ್ಮ ಜೋಳದಲ್ಲಿ ಕೂಲಿಯವರಿಗೆ ಯಾಕೆ ಔಷಧಿ ಎಂದರು. ಕೂಲಿಯವರು, ಕೊನೆಗೆ ಗೌಡರ ಮನೆಯವರ ನೆಗಡಿಗೇ ಎಲ್ಲ ಜೋಳ ಕರಗುತ್ತದೆ ಎಂದರು. ಇಷ್ಟು ಚೆನ್ನಾಗಿ ಎಲ್ಲರೂ ಎಲ್ಲರ ಮೇಲೂ ಅನುಮಾನ ಪಡುತ್ತಿರುವಾಗ ನಾನು ಸುಮ್ಮನಿದ್ದರೆ ವ್ಯಾಪಾರಿ ಕುಲಕ್ಕೆ ಅವಮಾನ. ಎದ್ದು ನಿಂತೆ.

"ಅಮ್ಮಾರ, ನಾನು ವರ್ಷಾ ಪೂರ್ತಿ ಒಂದ ಸರ್ತಿನೂ ಕೆಮ್ಮಲಿಲ್ಲ ಅಂತ ತಿಳಕೊಳ್ರಿ. ನನ್ನ ಜೋಳ ನನಗ ವಾಪಸ್ ಬರ್ತೈತೇನ್ರಿ?"

"ಬರೋದಿಲ್ಲ. ಕೆಮ್ಮದೆ ಇದ್ದದ್ದೇ ನಿಮಗೆ ಬಂದ ಲಾಭ ಅಂದುಕೊಳ್ಳಿ."

ಜನ ನಕ್ಕರು. ನಾನು ನಗಲಿಲ್ಲ. "ಲಾಭ ಇಲ್ಲದ ಯಾರರ ಏನರ ಮಾಡ್ತಾರೇನ್ರಿ? ನೀವು ಮೈಸೂರು ಬಿಟ್ಟು ಇಲ್ಲಿ ಬಂದೀರಿ ಅಂದ್ರ ನಿಮಗೂ ಏನೋ ಐತಿ" ಎಂದೆ. ಇದಕ್ಕೆ ಸಭೆ ಒಪ್ಪಿ ತಲೆದೂಗಿತು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ನನಗೆ ಬಹಳ ಪರಿಚಯವಿದ್ದ ದನಿಯೊಂದು ಎದ್ದಿತು.

"ನಮ್ಮ ಮನಿ ಜೋಳ ನಾಳೆ ಮುಂಜಾನಿ ಬರ್ತೈತ್ರಿ. ಇವ್ರು ಮಾತಾಡ್ತಾರ, ನಾನು ಅಳೀತೀನಿ."

ಗಂಗಮ್ಮ! ಅಲ್ಲಿಗೆ ವಾದ ಮುಗಿಯಿತು. ಮೆಣಸಿನಕಾಯಿಯವನ ಮನೆಯೇ ಸೇರಿದ ಮೇಲೆ ಉಳಿದವರಿಗೆ ಹೇಳಲು ಏನೂ ಉಳಿಯಲಿಲ್ಲ. ಒಂದೊಂದಾಗಿ ಊರೇ ಸೇರಿತು. ನಮ್ಮ ಪಕ್ಕದ ಮನೆಯ ಹಾಲಪ್ಪ, ನನ್ನ ಚಿಕ್ಕಂದಿನ ಗೆಳೆಯ, ಹಗೇವಿನ ಉಸ್ತುವಾರಿಯವನಾದ.

ಜೋಳ ಹೋಯಿತು, ಅನುಮಾನ ಮಾತ್ರ ಮನೆಯಲ್ಲೇ ಉಳಿಯಿತು. ಆ ಹುಡುಗಿಯ ಲಾಭ ಎಲ್ಲಿದೆ ಎಂದು ಕಂಡುಹಿಡಿಯಲೇಬೇಕೆಂದು ನಾನು ಹೊಟ್ಟೆನೋವು ತಂದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಅಲ್ಲಿ ಕಂಡದ್ದು ಇನ್ನೂ ಅನುಮಾನ ಹುಟ್ಟಿಸುವಂಥದ್ದು. ಕಳೆ ತೆಗೆಯುವ ಹೆಂಗಸು ಮುಂದೆ ಕೂತಿದ್ದಾಳೆ, ಗೌಡರ ಸೊಸೆ ಅವಳ ಹಿಂದೆ ತನ್ನ ಪಾಳಿ ಕಾಯುತ್ತಿದ್ದಾಳೆ! ಗೌಡರ ಮನೆಯವರು ಪಾಳಿಯಲ್ಲಿ ಕೂರುತ್ತಾರೆ ಎಂದರೆ ಒಳಗೆ ಏನೋ ದೊಡ್ಡದೇ ಇರಬೇಕು. ನನ್ನ ಪಾಳಿ ಬಂದಾಗ ಡಾಕ್ಟರಮ್ಮ ಹೊಟ್ಟೆ ಒತ್ತಿ, ನಾಲಿಗೆ ನೋಡಿ, ಒಂದು ಸೀಸೆ ಕಹಿ ನೀರು ಕೊಟ್ಟಳು. ನಾನು ಅದನ್ನು ಕುಡಿಯುತ್ತೇನೆಯೇ? ಹಿತ್ತಲ ಹೀರೇಬಳ್ಳಿಯ ಬುಡಕ್ಕೆ ಸುರಿದೆ. ಬಳ್ಳಿ ಸೊಂಪಾಗಿ ಹಬ್ಬಿತು. ಅದೂ ಒಂದು ಅನುಮಾನಕ್ಕೆ ಕಾರಣವಾಯಿತು.

ಇಲ್ಲಿಯವರೆಗೆ ಎಲ್ಲ ನಗುವ ಮಾತೇ ಆಯಿತು. ಆದರೆ ಈ ಬೇಸಿಗೆಗೆ ಅನ್ನಪೂರ್ಣ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಡಾಕ್ಟರಮ್ಮ ಅವಳನ್ನು ನೋಡಿ, ಸ್ವಲ್ಪ ಎಚ್ಚರವಾಗಿರಬೇಕು, ಮನೆಯಲ್ಲಿ ಹೆರಿಗೆ ಬೇಡ, ನೋವು ಶುರುವಾದ ಕೂಡಲೇ ಆಸ್ಪತ್ರೆಗೇ ಕರೆದುಕೊಂಡು ಬನ್ನಿ ಎಂದಳು. ನನಗೆ ಹಳೆಯದೆಲ್ಲ ನೆನಪಾಯಿತು.

ಅನ್ನಪೂರ್ಣಳಿಗಿಂತ ಮೊದಲು ನಮಗೊಂದು ಗಂಡು ಕೂಸು ಹುಟ್ಟಿತ್ತು. ಹೆಸರಿಡುವ ಮೊದಲೇ ಹೋಯಿತು. ಅವತ್ತು ಸೂಲಗಿತ್ತಿ ಅವಸರದಲ್ಲಿ ಎಲೆ-ಅಡಿಕೆ ಮುಟ್ಟದೆ ಎದ್ದು ಹೋಗಿದ್ದಳು, ಅದಕ್ಕೇ ಹೀಗಾಯಿತು ಎಂದು ನಮ್ಮವ್ವ ಸಾಯುವವರೆಗೂ ಅನ್ನುತ್ತಿದ್ದಳು. ನಮ್ಮ ಕಡೆ ಅದು ಗಟ್ಟಿ ನಂಬಿಕೆ. ಮದ್ದು ಕೊಟ್ಟವರ, ಮೈ ಮುಟ್ಟಿ ನೋಡಿದವರ ಕೈಗೆ ಏನಾದರೂ ಇಡಬೇಕು. ಇಡದಿದ್ದರೆ ಮದ್ದು ಹತ್ತುವುದಿಲ್ಲ. ನೀಲಗುಂದದಲ್ಲಿ ಮೂಳೆ ಕಟ್ಟುವ ಅಜ್ಜ ಕೂಡ ಒಂದು ತೆಂಗಿನಕಾಯಿ ಮುಟ್ಟದೆ ಪಟ್ಟಿ ಬಿಗಿಯುವುದಿಲ್ಲ. ಹಗೇವಿಗೆ ಹಾಕಿದ ಜೋಳ ದಕ್ಷಿಣೆಯಾಗುತ್ತದೆಯೇ? ಅದು ಊರಿನ ಜೋಳದಲ್ಲಿ ಕೂಡಿಹೋಯಿತು. ಅದರಲ್ಲಿ ನನ್ನ ಕಾಳು ಯಾವುದು, ಹಾಲಪ್ಪನ ಕಾಳು ಯಾವುದು ಎಂದು ದೇವರಿಗೆ ಹೇಗೆ ತಿಳಿಯಬೇಕು?

ಆದ್ದರಿಂದ ಡಾಕ್ಟರಮ್ಮನ ಕೈಗೆ ಬೇರೆಯಾಗಿ, ನನ್ನದೇ ಎಂದು ಗುರುತಿರುವಂತೆ, ಏನಾದರೂ ಇಡಲೇಬೇಕೆಂದು ನಿರ್ಧರಿಸಿದೆ.

ಮೊದಲು ಶಾಸ್ತ್ರೋಕ್ತವಾಗಿ ಎಲೆ-ಅಡಿಕೆಯ ಮೇಲೆ ಬೆಳ್ಳಿ ಬಣ್ಣದ ನಾಣ್ಯವಿಟ್ಟು ಹಿಡಿದೆ. ಅವಳು ಎಲ್ಲರ ಎದುರಿಗೇ ಕೈ ಹಿಂದೆ ತೆಗೆದುಕೊಂಡಳು. ನಾನು ಬಿಡಲಿಲ್ಲ. ಆಗ ಬೆಂಚಿನ ಮೇಲೆ ಕೂತಿದ್ದವರ ಕಡೆ ನೋಡುತ್ತ ಹೇಳಿದಳು.

"ಇವತ್ತು ನಿಮ್ಮ ಹತ್ತಿರ ತೆಗೆದುಕೊಂಡರೆ ನಾಳೆ ಇನ್ನೊಬ್ಬರು ಇದಕ್ಕಿಂತ ದೊಡ್ಡದು ತರುತ್ತಾರೆ. ಏನೂ ತರಲಾರದವರು ಬಾಗಿಲಲ್ಲೇ ನಿಲ್ಲುತ್ತಾರೆ. ಬೇಡ ಯಜಮಾನರೇ."

ಮಾತೇನೋ ಚೆನ್ನಾಗಿತ್ತು. ಆದರೆ ನನ್ನ ಮಗಳ ಮದ್ದು ಹತ್ತಬೇಕಲ್ಲ!

ಎರಡನೆಯ ಸಲ ಉಪಾಯ ಮಾಡಿದೆ. ಅವಳು ಇಲ್ಲದ ಹೊತ್ತು ನೋಡಿ ಒಂದು ಕುಡಿಕೆ ಬೆಣ್ಣೆಯನ್ನು ಅವಳ ಮನೆಯ ಕಟ್ಟೆಯ ಮೇಲಿಟ್ಟು ಬಂದೆ. ಅವಳು ಅದನ್ನು ಕಾಯಿಸಿ ತುಪ್ಪ ಮಾಡಿ, ಆಸ್ಪತ್ರೆಯಲ್ಲಿದ್ದ ಕುರಿಯವರ ಸೊಸೆಯ ಅನ್ನಕ್ಕೆ ಹಾಕಿಸಿದಳು. ಮಾರನೆಯ ದಿನವೇ ಆ ಹುಡುಗಿ ಒಂದು ಚೀರಾಟವೂ ಇಲ್ಲದೆ ಗುಂಡಗಿನ ಗಂಡು ಹೆತ್ತಳು. ನೋಡಿದಿರಾ? ಊರೆಲ್ಲ ಡಾಕ್ಟರಮ್ಮನ ಕೈಗುಣ ಎಂದು ಹೊಗಳಿತು. ಅದು ನನ್ನ ಬೆಣ್ಣೆಯ ಗುಣವೆಂದು ನನಗೊಬ್ಬನಿಗೇ ಗೊತ್ತು! ನನ್ನ ದಕ್ಷಿಣೆಯ ಫಲ ಕುರಿಯವರ ಮನೆಗೆ ಹೋಯಿತೆಂದು ಗಂಗಮ್ಮನ ಎದುರು ಸಂಕಟ ಪಟ್ಟೆ. ಅವಳು ಹಿಟ್ಟು ನಾದುತ್ತ, "ನಿಮ್ಮ ಬೆಣ್ಣಿ ಹೆರಿಗಿ ಮಾಡಸಂಗಿದ್ರ ಡಾಕ್ಟರು ಯಾಕ ಬೇಕಿತ್ರಿ, ಎಮ್ಮಿನ ಸಾಕಿತ್ತು" ಎಂದಳು. ಇಂಥ ಮಾತಿಗೆ ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆ.

ಸೋಮವಾರ ಬೆಳಿಗ್ಗೆ ನೋವು ಶುರುವಾಯಿತು. ಅನ್ನಪೂರ್ಣಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ನೋಡಿ, ಮಧ್ಯಾಹ್ನವಾಗಬಹುದು ಎಂದು ಹೇಳಿ ನನ್ನನ್ನು ಹೊರಗೆ ಕೂರಿಸಿದಳು. ಒಳಗಿನಿಂದ ಮಗಳ ನರಳಾಟ ಕೇಳುತ್ತಿತ್ತು. ನನ್ನ ತಲೆಯಲ್ಲಿ ಒಂದೇ ಮಾತು: ಕೈಗೆ ಇನ್ನೂ ಏನೂ ಇಟ್ಟಿಲ್ಲ. ಕೈಗೆ ಇನ್ನೂ ಏನೂ ಇಟ್ಟಿಲ್ಲ.

ಎದ್ದು ಅಂಗಡಿಗೆ ಓಡಿದೆ. ನನ್ನಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿಯನ್ನು, ಮದುವೆಯವರಿಗೆ ಮಾತ್ರ ತೋರಿಸುವ ಕಡುಗೆಂಪು ಮಾಲನ್ನು, ಎರಡೂ ಕೈಯಿಂದ ಬಾಚಿ ಚೀಲಕ್ಕೆ ತುಂಬಿದೆ. ಖಾರ ಸಾಲದು ಎನಿಸಿ ಗುಂಟೂರು ಕಾಯಿಯನ್ನೂ ಬೆರೆಸಿದೆ. ಕಡಿಮೆ ಮಾಡಿದೆ ಎಂಬ ಮಾತು ಬರಬಾರದು!

ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಹೋದೆ. ಅಲ್ಲಿ ಒಂದು ಸಣ್ಣ ಅಡುಗೆಕೋಣೆ. ಕತ್ತರಿ ಚಿಮಟ ಕುದಿಸಲು ಒಲೆಯ ಮೇಲೆ ನೀರಿಟ್ಟಿದ್ದರು. ಯಾರೂ ಇರಲಿಲ್ಲ. ಚೀಲ ಎಲ್ಲಿಡುವುದು? ನೆಲದ ಮೇಲಿಟ್ಟರೆ ತೇವ ಹಿಡಿದು ಕಾಯಿಗೆ ಬೂಸಲು ಬರುತ್ತದೆ. ನಮ್ಮ ಮನೆಗಳಲ್ಲಿ ಮೆಣಸಿನಕಾಯಿಯನ್ನು ಒಲೆಯ ಮೇಲ್ಗಡೆ ತೊಲೆಗೆ ನೇತುಹಾಕುತ್ತೇವೆ, ಮಳೆಗಾಲದಲ್ಲೂ ಗರಿಗರಿ ಇರುತ್ತದೆ. ಇಲ್ಲಿಯೂ ಒಲೆಯ ಮೇಲ್ಗಡೆ ಗೋಡೆಗೆ ಒಂದು ಮೊಳೆಯಿತ್ತು. ದೇವರೇ ತೋರಿಸಿದಂತಿತ್ತು. ಚೀಲವನ್ನು ಅದಕ್ಕೆ ತೂಗುಹಾಕಿ ಕೈಮುಗಿದೆ. ಮೈಸೂರಿನವರಿಗೆ ಇಷ್ಟು ಮುತುವರ್ಜಿಯಿಂದ ಯಾರು ದಕ್ಷಿಣೆ ಕೊಟ್ಟಾರು?

ಮನೆಯ ತೊಲೆ ಆಳೆತ್ತರಕ್ಕಿಂತ ಮೇಲಿರುತ್ತದೆ. ಆ ಮೊಳೆ ಸೌಟು ನೇತುಹಾಕಲು ಹೊಡೆದದ್ದು. ಈ ಸಣ್ಣ ವ್ಯತ್ಯಾಸ ಆಗ ನನ್ನ ಗಮನಕ್ಕೆ ಬರಲಿಲ್ಲ.

ಮುಂದಿನ ಬೆಂಚಿಗೆ ಬಂದು ಹಗುರಾಗಿ ಕೂತೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದ ಮುದುಕಿ ಒಂದು ಸೀನು ಸೀನಿದಳು. ಒಂಟಿ ಸೀನು ಅಪಶಕುನ. ಅಷ್ಟರಲ್ಲಿ ಎರಡನೆಯದೂ ಬಂತು. ಜೋಡಿ ಸೀನು, ಶುಭ! ಸಮಾಧಾನವಾಯಿತು. ಆಮೇಲೆ ಅವಳ ಮಗ ಸೀನಿದ. ಗೌಡರ ಸೊಸೆ ಸೀನಿದಳು. ಬೆಂಚಿಗೆ ಬೆಂಚೇ ಸೀನಿತು. ಇಷ್ಟೊಂದು ಶುಭ ಒಂದೇ ಸಲ ಯಾಕೆ ಬಂತೆಂದು ಯೋಚಿಸುವಷ್ಟರಲ್ಲಿ ನನಗೂ ಬಂತು!

ಮೊಳೆ ಕಿತ್ತು ಚೀಲ ಪಾತ್ರೆಯ ಪಕ್ಕದ ಕೆಂಡದೊಳಗೆ ಬಿದ್ದಿತ್ತು.

ಮೆಣಸಿನಕಾಯಿ ಘಾಟು ಎಂದರೆ ಏನೆಂದು ನಾನು ನಿಮಗೆ ಹೇಳಬೇಕಿಲ್ಲ. ಒಗ್ಗರಣೆಗೆ ಒಂದು ಕಾಯಿ ಹೆಚ್ಚಾದರೆ ಮನೆಮಂದಿ ಅಂಗಳಕ್ಕೆ ಬರುತ್ತಾರೆ. ಇದು ಚೀಲ! ಒಳಗಿದ್ದವರೆಲ್ಲ ಕಣ್ಣು ಮುಚ್ಚಿಕೊಂಡು ಕೆಮ್ಮುತ್ತ ಹೊರಗೆ ಬಂದರು. ಏಳಲಾರೆ ಎಂದು ಮಲಗಿದ್ದ ಬೆನ್ನುನೋವಿನವನೊಬ್ಬ ಎಲ್ಲರಿಗಿಂತ ಮುಂದೆ ಓಡಿಬಂದ. ಅವನ ಕಾಯಿಲೆ ಅಲ್ಲಿಗೇ ವಾಸಿಯಾಯಿತು, ಇದನ್ನು ಯಾರೂ ನನ್ನ ಲೆಕ್ಕಕ್ಕೆ ಹಾಕಲಿಲ್ಲ.

ಆದರೆ ನನ್ನ ಮಗಳು ಒಳಗಿದ್ದಳು. ಜೋಳ, ಲಾಭ, ದಕ್ಷಿಣೆ ಎಲ್ಲ ಮರೆತು ಬಾಗಿಲಿಗೆ ನುಗ್ಗಿದೆ. ಎದುರಿಗೆ ಡಾಕ್ಟರಮ್ಮ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಮಂಚದ ತಲೆಯ ಕಡೆ ಹಿಡಿದು ಎಳೆಯುತ್ತಿದ್ದಳು. ಎಲ್ಲಿದ್ದನೋ ಹಾಲಪ್ಪ ಬಂದ. ಗೌಡರ ಆಳು ಬಂದ. ಮಂಚ ಎತ್ತಿ ಬೇವಿನಮರದ ಕೆಳಗೆ ಇಳಿಸಿದೆವು. ಗಂಗಮ್ಮ ಮತ್ತು ಊರ ಹೆಂಗಸರು ಸುತ್ತಲೂ ಸೀರೆ, ಕಂಬಳಿ ಹಿಡಿದು ಗೋಡೆಯಾದರು. ಗಂಡಸರೆಲ್ಲ ಬೆನ್ನು ತಿರುಗಿಸಿ ನಿಂತೆವು. ಗೋಡೆಯೊಳಗಿನಿಂದ ನರ್ಸಮ್ಮ ಸೀನುವುದು, ಡಾಕ್ಟರಮ್ಮ ಕೆಮ್ಮುವುದು, ನನ್ನ ಮಗಳು ಸೀನುತ್ತ ನರಳುವುದು ಕೇಳುತ್ತಿತ್ತು. ನಾನು ಮನೆದೇವರನ್ನು ಕರೆದೆ. ಯಾವ ಮುಖದಿಂದ ಕರೆದೆನೋ ಗೊತ್ತಿಲ್ಲ.

ಒಂದು ದೊಡ್ಡ ಸೀನು. ಅದರ ಹಿಂದೆಯೇ ಸಣ್ಣದೊಂದು ಅಳು!

ಕೂಸಿನ ಅಳು ಕೇಳಿ ನಾನೂ ಅತ್ತೆ. ಎಲ್ಲರ ಕಣ್ಣಲ್ಲೂ ನೀರಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಸೀನಿನ ರಭಸಕ್ಕೇ ಹೆರಿಗೆ ಬೇಗ ಆಯಿತೆಂದು ಹೆಂಗಸರು ಮಾತಾಡಿಕೊಂಡರು.

ಅದೇ ಹೊತ್ತಿಗೆ ಹಾಲಪ್ಪ ಅಡುಗೆಕೋಣೆಯಿಂದ ಸುಟ್ಟ ಚೀಲವನ್ನು ಕೋಲಿನ ತುದಿಯಲ್ಲಿ ಹಿಡಿದು ಹೊರಗೆ ತಂದ. ಅದು ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಊರಿಗೆಲ್ಲ ಮೆಣಸಿನಕಾಯಿ ವ್ಯಾಪಾರಿ ನಾನೊಬ್ಬನೇ. ಕೆಂಪು ಕಣ್ಣುಗಳೆಲ್ಲ ನನ್ನ ಕಡೆ ತಿರುಗಿದವು. ಸಭೆಯಲ್ಲಿ ಆಸ್ಪತ್ರೆ ಬೇಡ ಎಂದವನು ಇವನೇ ಅಲ್ಲವೇ ಎಂದು ಒಬ್ಬ ನೆನಪು ಮಾಡಿದ. ದುಡ್ಡು ತೆಗೆದುಕೊಳ್ಳುವ ಯಾವುದೋ ಪೇಟೆ ಡಾಕ್ಟರು ಇವನಿಗೆ ಲಂಚ ಕೊಟ್ಟಿರಬೇಕು ಎಂದು ಇನ್ನೊಬ್ಬ ಊಹಿಸಿದ. ಹೊಟ್ಟೆನೋವೆಂದು ಬಂದು ದಿನವಿಡೀ ಒಳಗೆ ಇಣುಕುತ್ತಿದ್ದ ಎಂದು ಬೆನ್ನುನೋವಿನವನು ಸಾಕ್ಷಿ ಹೇಳಿದ. ಅನುಮಾನ ಪಡುವುದರಲ್ಲಿ ನಮ್ಮೂರಿಗೆ ನಾನೇ ಗುರು ಎಂದುಕೊಂಡಿದ್ದೆ. ಶಿಷ್ಯರು ನನ್ನನ್ನು ಮೀರಿಸಿದ್ದರು!

"ನನಗ ಇದರಾಗ ಏನೂ ಲಾಭ ಇಲ್ಲಪ್ಪ" ಎಂದೆ.

ಹಾಲಪ್ಪ ಕೋಲು ಕೆಳಗಿಟ್ಟು ಕಣ್ಣೊರೆಸಿಕೊಂಡ. "ಲಾಭ ಇಲ್ಲದ ಯಾರರ ಏನರ ಮಾಡ್ತಾರೇನಲೇ ಕೊಟ್ರಾ? ನೀನ ಹೇಳಿದ್ದಲ್ಲ, ಚಾವಡಿ ಮುಂದ?"

ಸೀರೆಯ ಗೋಡೆ ಸರಿಸಿ ಡಾಕ್ಟರಮ್ಮ ಹೊರಗೆ ಬಂದಳು. ಕಣ್ಣು ನನ್ನ ಬ್ಯಾಡಗಿಗಿಂತ ಕೆಂಪಾಗಿತ್ತು. ನಾನು ಅವಳಿಗೆ ಎಲ್ಲ ಹೇಳಿದೆ. ಎಲೆ-ಅಡಿಕೆ ಮುಟ್ಟದೆ ಹೋದ ಸೂಲಗಿತ್ತಿ, ಹೆಸರಿಲ್ಲದೆ ಹೋದ ಕೂಸು, ನಮ್ಮವ್ವನ ಮಾತು, ಮೊಳೆ, ಚೀಲ. ಹೇಳುತ್ತ ಹೇಳುತ್ತ ನಾನು ಎಷ್ಟು ಹೆದರಿದ್ದೆನೆಂದು ನನಗೇ ಆಗ ಗೊತ್ತಾಯಿತು. ಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು, ಘಾಟಿಗೋ ಮತ್ತೆ ಯಾತಕ್ಕೋ ತಿಳಿಯದು.

ಡಾಕ್ಟರಮ್ಮ ಮೂಗಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಆಮೇಲೆ, "ನಿಮ್ಮ ದಕ್ಷಿಣೆ ನನಗೆ ಮುಟ್ಟಿತು ಯಜಮಾನರೇ. ಕಣ್ಣಿಗೇ ಮುಟ್ಟಿದೆ. ಇನ್ನು ಸಾಕು" ಎಂದಳು.

ಬೇವಿನ ಕೆಳಗಿನಿಂದ ಅನ್ನಪೂರ್ಣಳ ದನಿ ಬಂತು. "ಅಪ್ಪಾ, ಬಾ ಇಲ್ಲಿ. ನಿನ್ನ ಮೊಮ್ಮಗಳನ್ನ ನೋಡು."

ಓಡಿದೆ. ಎರಡೂ ಕೈ ಚಾಚಿದೆ. ಡಾಕ್ಟರಮ್ಮ ಅಡ್ಡ ಬಂದು ಆ ಕೈಗಳನ್ನೇ ನೋಡಿದಳು. ಮೆಣಸಿನಕಾಯಿ ಬಾಚಿ ತುಂಬಿದ ಕೈಗಳು ಉರಿಯುತ್ತ ಕೆಂಪಾಗಿದ್ದವು. ಕೂಸಿನ ಕಣ್ಣಿಗೆ ತಾಗಿದರೆ ಗತಿಯೇನು ಎಂದಳು. ಸೋಪು ಹಾಕಿ ತೊಳೆದೆ. ಮಜ್ಜಿಗೆ ಹಾಕಿ ತೊಳೆದೆ. ಎಣ್ಣೆ ಹಚ್ಚಿ ಉಜ್ಜಿದೆ. ಸಂತೆಯಲ್ಲಿ ಇಷ್ಟು ವರ್ಷ ಮೆತ್ತಿಕೊಂಡ ಖಾರ ಹಾಗೆ ಬಿಡುತ್ತದೆಯೇ? ಇವತ್ತು ಮುಟ್ಟುವಂತಿಲ್ಲ ಎಂದು ತೀರ್ಪಾಯಿತು. ನರ್ಸಮ್ಮ ನನ್ನ ಎರಡೂ ಕೈಗೆ ತುಪ್ಪ ಸವರಿ ಬಟ್ಟೆ ಸುತ್ತಿದಳು.

ಸಂಜೆಯ ಬಸ್ಸಿಗೆ ಹಗರಿಬೊಮ್ಮನಹಳ್ಳಿಯಿಂದ ಅಳಿಯ ಬಂದ. ಅಲ್ಲಿ ಶಾಲೆ ಮಾಸ್ತರು, ಬಹಳ ಮರ್ಯಾದೆಯ ಹುಡುಗ. ಏನಾಯಿತೆಂದು ಕೇಳಿ ನಗು ತಡೆಯಲು ಬಹಳ ಕಷ್ಟಪಟ್ಟ, ಅದು ನನಗೆ ಕಂಡಿತು. ಘಾಟೆಲ್ಲ ಹೋದ ಮೇಲೆ ಅನ್ನಪೂರ್ಣಳ ಮಂಚ ಒಳಗೆ ಬಾಗಿಲ ಹತ್ತಿರ ಹಾಕಿದ್ದರು. ಗಂಗಮ್ಮ ಮನೆಯಿಂದ ಬುಟ್ಟಿ ಹೊತ್ತು ತಂದಳು. ರೊಟ್ಟಿ, ಎಣ್ಣೆಗಾಯಿ, ಮೊಸರು, ಬಾಣಂತಿಗೆ ಬೆಳ್ಳುಳ್ಳಿ ಹಾಕಿದ ತುಪ್ಪದ ಅನ್ನ. ಆಸ್ಪತ್ರೆಯ ಪಡಸಾಲೆಯಲ್ಲೇ ಮನೆಮಂದಿಯೆಲ್ಲ ಊಟಕ್ಕೆ ಕೂತೆವು. ಹಾಲಪ್ಪನೂ ಕೂತ. ಡಾಕ್ಟರಮ್ಮ ಏನೂ ತೆಗೆದುಕೊಳ್ಳುವುದಿಲ್ಲ ಎಂದು ಶುರು ಮಾಡಿದಳು.

"ಇದು ದಕ್ಷಿಣಿ ಅಲ್ರೀ ಅಮ್ಮಾ, ಊಟ. ಕುಂದರ್ರಿ" ಎಂದು ಗಂಗಮ್ಮ ತಟ್ಟೆ ಮುಂದಿಟ್ಟಳು.

ಡಾಕ್ಟರಮ್ಮ ಕೂತಳು. ರೊಟ್ಟಿ ಮುರಿಯುವ ಮೊದಲು ಮೆಲ್ಲಗೆ, "ಇದಕ್ಕೆ ಯಜಮಾನರು ಕೈ ಹಾಕಿಲ್ಲ ತಾನೇ?" ಎಂದು ಕೇಳಿದಳು. ಅಳಿಯ ತಡೆದಿಟ್ಟಿದ್ದ ನಗು ಆಗ ಹೊರಗೆ ಬಿತ್ತು. ಒಳಗಿನಿಂದ ಮಗಳೂ ನಕ್ಕಳು. ಆ ನಗು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅದು ನನ್ನನ್ನೇ ಕುರಿತದ್ದು ಎಂಬುದನ್ನೂ ಕ್ಷಮಿಸಿದೆ.

ಊಟದ ನಡುವೆ ಕೂಸು ಕೈಯಿಂದ ಕೈಗೆ ಹೋಯಿತು. ಅಳಿಯ ಎತ್ತಿಕೊಂಡ. ಗಂಗಮ್ಮ ಎತ್ತಿಕೊಂಡಳು. ಹಾಲಪ್ಪ ಸೋಪು ಹಚ್ಚಿ ಕೈ ತೊಳೆದು ಬಂದು ಎತ್ತಿಕೊಂಡ. ನೋಡಲು ಬಂದ ಗೌಡರ ಸೊಸೆ, ಕಳೆ ತೆಗೆಯುವ ಹೆಂಗಸು, ಇಬ್ಬರೂ ಒಬ್ಬರ ಹಿಂದೊಬ್ಬರು ಪಾಳಿ ಕಾದು ಎತ್ತಿಕೊಂಡರು. ಮೇಲಿಲ್ಲ, ಕೀಳಿಲ್ಲ, ಕೊಡುವುದಿಲ್ಲ, ಕೊಳ್ಳುವುದಿಲ್ಲ, ಊರಿಗೆ ಊರೇ ಸೇರಿತ್ತು!

ಸೇರದೆ ಉಳಿದವನು ಇಡೀ ಊರಿನಲ್ಲಿ ಒಬ್ಬನೇ. ಅವನು ಕಂಬದ ಆಚೆ, ಎಲ್ಲರಿಗಿಂತ ದೂರ, ಎರಡೂ ಕೈ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಕೂತಿದ್ದ. ಹೆಂಡತಿ ಮೊಸರಿನಲ್ಲಿ ಮುರಿದು ಹಾಕಿದ ರೊಟ್ಟಿಯನ್ನು ಚಮಚದಿಂದ ತಿನ್ನುತ್ತಿದ್ದ.